ನಿಂಬೆ ಹಿಂಡುವ ಮೊದಲು ಸಿಪ್ಪೆ ಹೆರೆದಿಟ್ಟುಕೊಳ್ಳಿ

ನಿಂಬೆ ಪಾನಕ ಮಾಡುವಾಗ ಹಣ್ಣು ಹಿಂಡುವ ಮೊದಲೇ ಹಳದಿ ಸಿಪ್ಪೆಯನ್ನು ತೆಳ್ಳಗೆ ಹೆರೆದುಕೊಳ್ಳಿ. ಅದನ್ನು ಸಕ್ಕರೆ ಜೊತೆ ಬೆರಳಲ್ಲಿ ಚೆನ್ನಾಗಿ ಕಿವುಚಿ, ಮುಚ್ಚಿ 3–4 ಗಂಟೆ ಬಿಡಿ. ದಪ್ಪ ಸಿಪ್ಪೆಯ 4 ಹಣ್ಣಿಗೆ ಸುಮಾರು 100 ಗ್ರಾಂ ಸಕ್ಕರೆ ಸಾಕು. ನಿಂಬೆಯ ಘಮ ಜಾಸ್ತಿ ಇರುವುದು ರಸದಲ್ಲಲ್ಲ, ಸಿಪ್ಪೆಯ ಎಣ್ಣೆಯಲ್ಲಿ. ಸಕ್ಕರೆ ಸಿಪ್ಪೆಯ ನೀರಿನಂಶ ಎಳೆದುಕೊಳ್ಳುವಾಗ ಆ ಎಣ್ಣೆಯೂ ಜೊತೆಗೆ ಬರುತ್ತದೆ. ಒಲೆ ಹಚ್ಚುವುದಿಲ್ಲವಾದ್ದರಿಂದ ಪರಿಮಳ ಆವಿಯಾಗಿ ಹೋಗುವುದೂ ಇಲ್ಲ. ಸ್ವಲ್ಪ ಹೊತ್ತಿಗೇ ಸಕ್ಕರೆ ಒದ್ದೆ ಮರಳಿನ ಹಾಗೆ ಆಗುತ್ತದೆ, ಆಮೇಲೆ ತಳದಲ್ಲಿ ಹಳದಿ ಪಾಕ ನಿಲ್ಲುತ್ತದೆ. ಅದೇ ಬಟ್ಟಲಿಗೆ ನಿಂಬೆ ರಸ ಹಿಂಡಿ, ಉಳಿದ ಸಕ್ಕರೆ ಕರಗುವವರೆಗೆ ಕಲಸಿ, ಸೋಸಿ. ತಣ್ಣೀರೋ ಸೋಡಾನೋ ಬೆರೆಸಿ, ಚಿಟಿಕೆ ಉಪ್ಪು ಹಾಕಿದರೆ ಆಯ್ತು. ಕಿತ್ತಳೆ ಸಿಪ್ಪೆಗೂ ಇದೇ ಕ್ರಮ, ನನಗಂತೂ ಅದೇ ಹೆಚ್ಚು ಇಷ್ಟ. ಕೆಡುವುದು ಎಲ್ಲಿ ಅಂದರೆ, ಒಳಗಿನ ಬಿಳಿ ಪದರ ಸೇರಿಬಿಟ್ಟರೆ ಕಹಿಯಾಗುತ್ತದೆ. ರಾತ್ರಿಯಿಡೀ ಬಿಡುವುದಾದರಂತೂ ಒಂದು ಚೂರೂ ಬಿಳಿ ಇರಬಾರದು. ಒಣಗಿ ಸುಕ್ಕಾದ ಹಣ್ಣಿನಲ್ಲಿ ಎಣ್ಣೆ ಅಷ್ಟಾಗಿ ಬಿಡುವುದಿಲ್ಲ, ಸುಮ್ನೆ ಕಿವುಚಿದ್ದಷ್ಟೇ ಬಂತು. ಮೇಣ ಸವರಿದ ಹಣ್ಣಾದರೆ ಬಿಸಿನೀರಲ್ಲಿ ಉಜ್ಜಿ ತೊಳೆದು, ಪೂರ್ತಿ ಒರೆಸಿಯೇ ಹೆರೆಯಿರಿ. ಸಕ್ಕರೆ ಬದಲು ಸ್ಟೀವಿಯಾ ಹನಿ ಬಳಸುವವರಿಗೆ ಈ ಉಪಾಯ ಆಗಿಬರುವುದಿಲ್ಲ, ಎಳೆಯುವ ಕೆಲಸ ಮಾಡುವುದೇ ಸಕ್ಕರೆ ಅಲ್ವಾ!