ಬೆಲ್ಟ್ ಬಿಚ್ಚಿ ಟೇಪು ಹಿಡಿಯಿರಿ: ಮೆಟಬಾಲಿಕ್ ಅಪಾಯ ಅಳೆಯುವ ಕ್ರಮ

ಹೊಟ್ಟೆಯ ಸುತ್ತಳತೆ ಎಷ್ಟು ಎಂದು ಕೇಳಿದರೆ ಹೆಚ್ಚಿನವರು ಪ್ಯಾಂಟಿನ ಸೈಜು ಹೇಳುತ್ತಾರೆ. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. ಹೊಟ್ಟೆ ಎಷ್ಟು ಮುಂದೆ ಬಂದರೂ ಆ ಸೈಜು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ತಪಾಸಣಾ ಶಿಬಿರಗಳಲ್ಲಿ ಟೇಪು ಹಿಡಿದು ನಿಂತಾಗಲೆಲ್ಲ ನನಗೆ ಬೇಸರ ತರಿಸುವುದು ಇದೇ. ತಪ್ಪು ಅಳತೆಯನ್ನು ನಂಬಿ ನಿಶ್ಚಿಂತೆಯಿಂದಿದ್ದವರಿಗೆ ಮಧುಮೇಹ ಬಂದಿರುವುದು ಬಹಳ ತಡವಾಗಿ ಗೊತ್ತಾಗುತ್ತದೆ.

ಮಧುಮೇಹ, ಅಧಿಕ ರಕ್ತದೊತ್ತಡ, ಫ್ಯಾಟಿ ಲಿವರ್, ಹೃದಯಾಘಾತ ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಇಂಥ ಕಾಯಿಲೆಗಳ ಬೇರಿನಲ್ಲಿ ಇನ್ಸುಲಿನ್ ಪ್ರತಿರೋಧವಿದೆ, ಅಂದರೆ ಸಕ್ಕರೆ ಇಳಿಸುವ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ವಿವರಿಸಿದರು. ಈ ಕಾಯಿಲೆಗಳ ಅಪಾಯವನ್ನು, ಅಂದರೆ ಮೆಟಬಾಲಿಕ್ ಅಪಾಯವನ್ನು, ತಿಳಿಯಲು ಇಂದು ವೈದ್ಯರು ಐದು ಅಳತೆಗಳನ್ನು ನೋಡುತ್ತಾರೆ. ಅವನ್ನು ಸರಿಯಾಗಿ ಪಡೆಯುವುದು ಹೇಗೆ, ಆಮೇಲೆ ಏನು ಬದಲಿಸಬೇಕು ಎಂಬುದು ಇಲ್ಲಿದೆ.

ಹಂತ 1: ಹಿನ್ನೆಲೆ ಬರೆದುಕೊಳ್ಳಿ

ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗೆ ಮಧುಮೇಹ ಅಥವಾ ಹೃದಯದ ಕಾಯಿಲೆ ಇದೆ, ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿತ್ತೇ, ಪಿಸಿಒಎಸ್ (ಹೆಂಗಸರ ಹಾರ್ಮೋನ್ ಏರುಪೇರಿನ ತೊಂದರೆ) ಇದೆಯೇ, ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆಯೇ, ತಂಬಾಕಿನ ಅಭ್ಯಾಸವಿದೆಯೇ. ಇಷ್ಟು ಸಾಕು.

ಹಂತ 2: ಹೊಟ್ಟೆಯ ಸುತ್ತಳತೆ

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ.

ಹಳೆಯ ಬಟ್ಟೆ ಟೇಪು ಹಿಗ್ಗಿರುತ್ತದೆ. ಹಿಗ್ಗದ ಟೇಪು ತೆಗೆದುಕೊಳ್ಳಿ, ಸ್ಕೇಲಿನ ಜೊತೆ ಒಮ್ಮೆ ತಾಳೆ ನೋಡಿ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ಅಳೆಯುವುದು ಒಳ್ಳೆಯದು. ಬೆಲ್ಟ್ ಬಿಚ್ಚಿ, ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಪಾದಗಳನ್ನು ಜೋಡಿಸಿ ನೇರವಾಗಿ ನಿಲ್ಲಿ.

ಈಗ ಬಲ ಪಕ್ಕೆಯ ಮೇಲೆ ಬೆರಳಿಟ್ಟು ಕೆಳಕ್ಕೆ ಜಾರಿಸಿ. ಕೊನೆಯ ಪಕ್ಕೆಲುಬು ಮುಗಿದು ಮೆತ್ತಗಿನ ಭಾಗ ಸಿಗುವಲ್ಲಿ ಪೆನ್ನಿನಿಂದ ಗುರುತು ಹಾಕಿ. ಇನ್ನೂ ಕೆಳಗೆ ಹೋದರೆ ಸೊಂಟದ ಮೂಳೆಯ ಅಂಚು ಗಟ್ಟಿಯಾಗಿ ತಗಲುತ್ತದೆ. ಅಲ್ಲೊಂದು ಗುರುತು. ಎರಡರ ನಡುಮಧ್ಯವೇ ಟೇಪಿನ ಜಾಗ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ವಿಧಾನವನ್ನೇ. ದಪ್ಪ ಮೈಯವರಲ್ಲಿ ಮೂಳೆ ಸುಲಭಕ್ಕೆ ಸಿಗುವುದಿಲ್ಲ. ಆಗ ಬೆರಳನ್ನು ಸ್ವಲ್ಪ ಒತ್ತಿ ಹುಡುಕಬೇಕೇ ಹೊರತು ಅಂದಾಜಿಗೆ ಬಿಡಬಾರದು.

ಟೇಪು ಮುಂದೆ ಸರಿಯಾಗಿದ್ದು ಬೆನ್ನ ಹಿಂದೆ ಜಾರಿರುವುದು ತೀರಾ ಸಾಮಾನ್ಯ. ಇನ್ನೊಬ್ಬರಿಗೆ ಸುತ್ತಲೂ ನೋಡಲು ಹೇಳಿ, ಯಾರೂ ಇಲ್ಲದಿದ್ದರೆ ಕನ್ನಡಿಯ ಮುಂದೆ ನಿಲ್ಲಿ. ಟೇಪು ಚರ್ಮಕ್ಕೆ ತಾಗಿರಬೇಕು, ಒಳಗೆ ಒತ್ತಬಾರದು. ಅಳೆಯುತ್ತಾರೆ ಎಂದ ಕೂಡಲೇ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅದನ್ನು ತಪ್ಪಿಸಲು ಒಂದೆರಡು ಸಲ ಆರಾಮವಾಗಿ ಉಸಿರಾಡಿ, ಉಸಿರು ಸಹಜವಾಗಿ ಹೊರಹೋದ ಕೊನೆಯಲ್ಲಿ ಸಂಖ್ಯೆ ಓದಿ. ಎರಡು ಸಲ ಅಳೆದು ಸರಾಸರಿ ಬರೆದಿಡಿ. ಎರಡರ ನಡುವೆ 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲಿನಿಂದ ಮಾಡಿ. ಬೆಲ್ಟಿನ ಜಾಗದಲ್ಲಿ 88 ತೋರಿಸಿದ ಟೇಪು ಸರಿಯಾದ ಜಾಗದಲ್ಲಿ 97 ತೋರಿಸಿದ್ದನ್ನು ನೋಡಿದ್ದೇನೆ.

ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯ ಎಂದು ಲೆಕ್ಕ. ಯುರೋಪ್ ಮೂಲದ ಗಂಡಸರಿಗೆ ಈ ಗಡಿ 94. ತೂಕ ಅಷ್ಟೇ ಇದ್ದರೂ ನಮ್ಮ ಮೈಯಲ್ಲಿ ಒಳಾಂಗಗಳ ಸುತ್ತ ಕೊಬ್ಬು ಹೆಚ್ಚು ಕೂರುತ್ತದೆ. ಹಾಗಾಗಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದನ್ನೇ ನೋಡಿ ಸಮಾಧಾನಪಡಬೇಡಿ. ನೆನಪಿಡಲು ನನಗೆ ಇಷ್ಟವಾದ ಸೂತ್ರ ಇನ್ನೂ ಸರಳ: ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂ.ಮೀ. ಎತ್ತರದವರು 80ರೊಳಗೆ.

ದೇಹದ ಕೊಬ್ಬನ್ನು ಶೇಕಡಾವಾರು ತೋರಿಸುವ ತೂಕದ ಯಂತ್ರಕ್ಕೆ ಹಣ ಸುರಿಯಬೇಡಿ. ನೀವು ಎಷ್ಟು ನೀರು ಕುಡಿದಿದ್ದೀರಿ ಎಂಬುದರ ಮೇಲೆಯೇ ಅದರ ಸಂಖ್ಯೆ ಬದಲಾಗುತ್ತದೆ. ಹೊಟ್ಟೆಗೆ ಕಟ್ಟಿಕೊಂಡು ಬೆವರಿಳಿಸುವ ಬೆಲ್ಟಿನಿಂದ ಕರಗುವುದು ನೀರು ಮಾತ್ರ, ಕೊಬ್ಬಲ್ಲ.

ಹಂತ 3: ಬಿಪಿ

ತೋಳಿಗೆ ಸುತ್ತುವ, ಪ್ರಮಾಣೀಕೃತ ಯಂತ್ರ ಕೊಳ್ಳಿ. ಮಣಿಕಟ್ಟಿಗೆ ಅಥವಾ ಬೆರಳಿಗೆ ಹಾಕುವವು ಬೇಡ. ಅರ್ಧ ಗಂಟೆ ಮೊದಲು ಕಾಫಿ, ಟೀ, ಸಿಗರೇಟು, ವ್ಯಾಯಾಮ ಯಾವುದೂ ಇರಬಾರದು. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಕಾಲು ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಹಾಕಬಾರದು. ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತುವಂತಿಲ್ಲ. ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಡಿ, ಇಳಿಬಿಟ್ಟ ಕೈ ಬಿಪಿಯನ್ನು ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಷ್ಟೇ. ಅಳೆಯುವಾಗ ಮಾತಾಡಬೇಡಿ.

ಒಂದು ವಾರ, ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವುದು ಕಂಡರೆ ಸರಾಸರಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹಂತ 4: ರಕ್ತಪರೀಕ್ಷೆ

ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ಲಿಪಿಡ್ ಪ್ರೊಫೈಲ್ (ಟ್ರೈಗ್ಲಿಸರೈಡ್, ಕೊಲೆಸ್ಟ್ರಾಲ್ ಎಂಬ ರಕ್ತದ ಕೊಬ್ಬುಗಳ ಪರೀಕ್ಷೆ) ಈ ಮೂರು ಬೇಕು. ರಾತ್ರಿ ಊಟ ಮುಗಿಸಿ 10ರಿಂದ 12 ಗಂಟೆ ಬಿಟ್ಟು ರಕ್ತ ಕೊಡಿ. ನೀರು ಕುಡಿಯಬಹುದು, ಹಿಂದಿನ ದಿನ ಮದ್ಯ ಬೇಡ. ಪರೀಕ್ಷೆಗೆ ಮೂರು ದಿನ ಇರುವಾಗ ಸಿಹಿ ಬಿಟ್ಟು ಪಥ್ಯ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂದಿನಂತೆ ತಿಂದರೆ ಮಾತ್ರ ನಿಮ್ಮ ಎಂದಿನ ಸ್ಥಿತಿ ಗೊತ್ತಾಗುತ್ತದೆ. ಜ್ವರ ಬಂದಿದ್ದರೆ ಮುಂದೂಡಿ. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಕೂಡ ನೋಡಿಸಿ.

ಮನೆಯ ಗ್ಲುಕೋಮೀಟರನ್ನು ನಂಬಿ ಪ್ರಯೋಗಾಲಯದ ಪರೀಕ್ಷೆ ಬಿಡಬೇಡಿ. ಅಂತರರಾಷ್ಟ್ರೀಯ ಮಾನದಂಡವೇ ಅದಕ್ಕೆ ಶೇ 15ರಷ್ಟು ಆಚೀಚೆ ಹೋಗಲು ಅವಕಾಶ ಕೊಟ್ಟಿದೆ. ನಿಜದಲ್ಲಿ 110 ಇರುವ ಸಕ್ಕರೆ 95 ಎಂದೂ ಕಾಣಬಹುದು, 125 ಎಂದೂ ಕಾಣಬಹುದು. ಈಗಾಗಲೇ ಮಧುಮೇಹ ಇರುವವರ ದಿನನಿತ್ಯದ ನಿಗಾಕ್ಕೆ ಅದು ಬೇಕು, ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅಲ್ಲ.

ಹಂತ 5: ಐದರಲ್ಲಿ ಎಷ್ಟು?

ಸುತ್ತಳತೆ ಗಡಿ ದಾಟಿದೆಯೇ; ಬಿಪಿಯ ಮೇಲಿನ ಸಂಖ್ಯೆ 130 ಅಥವಾ ಕೆಳಗಿನದು 85 ಮುಟ್ಟಿದೆಯೇ; ಖಾಲಿ ಹೊಟ್ಟೆಯ ಸಕ್ಕರೆ 100 ಮುಟ್ಟಿದೆಯೇ; ಟ್ರೈಗ್ಲಿಸರೈಡ್ 150 ಮುಟ್ಟಿದೆಯೇ; ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯೇ. ಮೂರಕ್ಕೆ ಹೌದು ಬಂದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಈ ಅಪಾಯಗಳು ಒಟ್ಟುಗೂಡಿದ ಸ್ಥಿತಿ, ಇದೆ ಎಂದರ್ಥ. ಮಾತ್ರೆಯಿಂದ ಹತೋಟಿಯಲ್ಲಿರುವುದನ್ನೂ ಹೌದು ಎಂದೇ ಎಣಿಸಿ. ಎರಡೇ ಬಂದವರು ನಿರಾಳರಾಗುವುದು ಬೇಡ, ಅವರಿಗೆ ಹಿಂದಿರುಗಲು ಇದು ಅತಿ ಸುಲಭದ ಸಮಯ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೀರಿ. 6.5 ಅಥವಾ ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದ್ದರೆ ವೈದ್ಯರ ಬಳಿ ಮರುಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಲೇಬೇಕು.

ಹಂತ 6: ಬದಲಾವಣೆ, ಒಂದಾದ ಮೇಲೆ ಒಂದು

ರಿಪೋರ್ಟ್ ಕೈಗೆ ಬಂದ ದಿನ ಇಡೀ ಬದುಕನ್ನೇ ಬದಲಿಸಲು ಹೊರಟವರು ತಿಂಗಳೊಳಗೆ ಸೋತು ಕೈಬಿಡುತ್ತಾರೆ. ಮನೆಯವರೂ ಹತ್ತು ನಿಷೇಧಗಳ ಪಟ್ಟಿ ಹಿಡಿಸಿ ಬೈಯುತ್ತಾರೆ. ಯಾರಿಗಾದರೂ ಸಲಹೆ ಕೊಡುವುದಿದ್ದರೆ, "ಇದರಲ್ಲಿ ಯಾವುದು ನಿಮ್ಮಿಂದ ಆಗುತ್ತದೆ?" ಎಂದು ಕೇಳಿ. ಅವರು ಆರಿಸಿದ್ದರಿಂದಲೇ ಶುರು ಮಾಡಿ.

ನನ್ನನ್ನು ಕೇಳಿದರೆ, ಮೊದಲು ಸಿಹಿ ಪಾನೀಯ ಬಿಡಿ. ಸಕ್ಕರೆ ಬೆರೆಸದ ಹಣ್ಣಿನ ರಸವೂ ಇದೇ ಪಟ್ಟಿಗೆ ಸೇರುತ್ತದೆ, ಹಣ್ಣನ್ನು ಹಾಗೇ ತಿನ್ನಿ. ಟ್ರೈಗ್ಲಿಸರೈಡ್ ಏರಿದವರು ಇದರ ಜೊತೆ ಮದ್ಯವನ್ನೂ ಬಿಟ್ಟರೆ ಕೆಲವೇ ವಾರಗಳಲ್ಲಿ ಇಳಿಕೆ ಕಾಣಬಹುದು. ಬಿಪಿ ಏರಿದವರು ದಿನದ ಉಪ್ಪನ್ನು 5 ಗ್ರಾಂಗಿಂತ ಕಡಿಮೆ ಮಾಡಬೇಕು. ಉಪ್ಪಿನಲ್ಲಿ ದೊಡ್ಡ ಪಾಲು ಪೊಟ್ಟಣದ ತಿಂಡಿಗಳಲ್ಲಿ ಅಡಗಿರಬಹುದು, ಲೇಬಲ್ ಓದಿ. "ಶುಗರ್ ಫ್ರೀ" ಬಿಸ್ಕತ್ತಿನಲ್ಲೂ ಹಿಟ್ಟು, ಕೊಬ್ಬು ಇದ್ದೇ ಇರುತ್ತವೆ.

ಎರಡನೆಯದು, ಊಟವಾದ ಮೇಲೆ 10–15 ನಿಮಿಷ ನಡಿಗೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬೆಳಗಿನ ಜಾವದ ಒಂದು ಗಂಟೆಯ ವಾಕಿಂಗ್ ಆಗದು ಎಂದು ಏನೂ ಮಾಡದೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಕ್ರಮೇಣ ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಬನ್ನಿ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದೂ ಆರಂಭಕ್ಕೆ ಸಾಕು. ನಿದ್ದೆ 7 ಗಂಟೆ. ತಂಬಾಕು ಪೂರ್ತಿ ಬಂದ್.

ಇಷ್ಟರಿಂದ ಏನಾಗುತ್ತದೆ ಎಂದು ಕೇಳುವವರಿಗೆ 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನವನ್ನು ನೆನಪಿಸುತ್ತೇನೆ. ತೂಕವನ್ನು ಶೇ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚಟುವಟಿಕೆ, ಇಷ್ಟೇ ಗುರಿ. ಹೊಸ್ತಿಲಲ್ಲಿದ್ದವರು ಮಧುಮೇಹಕ್ಕೆ ಜಾರುವುದು ಇದರಿಂದ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯಿಂದ ತಗ್ಗಿದ್ದು ಶೇ 31. 80 ಕೆ.ಜಿ. ಇರುವವರಿಗೆ ಶೇ 7 ಎಂದರೆ 5.6 ಕೆ.ಜಿ. ಮಾತ್ರ.

ಈಗಾಗಲೇ ಸಕ್ಕರೆ ಅಥವಾ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರಿಗೆ ತಿಳಿಸಿ. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳ ಮೇಲಿರುವಾಗ ಊಟ ತಗ್ಗಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ.

ಹಂತ 7: ಮತ್ತೆ ಅಳೆಯಿರಿ

ಸುತ್ತಳತೆ ತಿಂಗಳಿಗೊಮ್ಮೆ, ಅದೇ ಟೇಪು, ಅದೇ ಜಾಗ, ಅದೇ ಹೊತ್ತು. ಎಚ್‌ಬಿಎ1ಸಿ ಮೂರು ತಿಂಗಳ ನಂತರ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ತೀರಾ ಬೇಗ ನೋಡಿದರೆ ಹಳೆಯ ದಿನಗಳ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ತೂಕ ಅಲುಗದೆ ಸುತ್ತಳತೆ ಇಳಿದಿದ್ದರೆ ಬದಲಾವಣೆ ಕೆಲಸ ಮಾಡುತ್ತಿದೆ, ಮುಂದುವರಿಸಿ. ಮೂರು ತಿಂಗಳಾದರೂ ಯಾವುದೂ ಕದಲದಿದ್ದರೆ ಬರೆದಿಟ್ಟ ಅಳತೆಗಳ ಪುಸ್ತಕ ಹಿಡಿದು ವೈದ್ಯರ ಬಳಿ ಹೋಗಿ, ಥೈರಾಯ್ಡ್, ಲಿವರ್, ಕಿಡ್ನಿ ಪರೀಕ್ಷೆಯ ಅಗತ್ಯವಿದೆಯೇ ಎಂದು ಕೇಳಿ.