ಸ್ಕ್ರಿಪ್ಟ್ ಕಳಿಸುವ ಮೇಲ್‌ಗೆ ಯಾರ ವಿಳಾಸ ಹಾಕಬೇಕು?

ಸ್ಕ್ರಿಪ್ಟ್‌ಗೆ ಕಳಿಸುವವರ ವಿಳಾಸ ನೀವು ಹೇಳದಿದ್ದರೆ, ಸರ್ವರ್ ತಾನೇ ಒಂದು ಕಟ್ಟಿಕೊಳ್ಳುತ್ತದೆ. ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಆ ಹೆಸರು, ಅದರ ಪಕ್ಕ ಮಷೀನ್ ಹೆಸರು. 'ರೂಟ್@ವೆಬ್01' ಅಂತ ಬರುವ ಮೇಲ್‌ಗಳೆಲ್ಲ ಹೀಗೆ ಹುಟ್ಟಿದವು. ಹೆಚ್ಚಿನವು ಸ್ಪ್ಯಾಮ್‌ಗೇ ಹೋಗುತ್ತವೆ.

ಸರ್ವರ್ ನೋಡಿಕೊಳ್ಳೋದು ನನ್ನ ಕೆಲಸ. 'ಫ್ರಮ್ ಹಾಕಿದ್ದೀನಿ, ಆದ್ರೂ ಮೇಲ್ ಹೋಗ್ತಿಲ್ಲ' ಅಂದವರಿಗೆ ನಾನು ಕೇಳೋದು, ಯಾವ ಫ್ರಮ್ ಅಂತ. ವಿಳಾಸ ಇರೋದು ಎರಡು ಕಡೆ. ಓದುವವರ ಕಣ್ಣಿಗೆ ಬೀಳುವುದು ಫ್ರಮ್ ಹೆಡರ್, ಅಂದರೆ ಮೇಲ್‌ನ ಮೇಲ್ಭಾಗದ 'ಫ್ರಮ್' ಸಾಲು. ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದು ಎನ್ವಲಪ್ ವಿಳಾಸ. ಮೇಲ್ ತಲುಪದೆ ಬೌನ್ಸ್ ಆದರೆ ವಾಪಸ್ ಬರುವುದು ಈ ಎರಡನೆಯದಕ್ಕೆ. ಒಂದು ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಪರೀಕ್ಷಿಸುವ ಎಸ್‌ಪಿಎಫ್ ನೋಡುವುದೂ ಇದನ್ನೇ. ನಕಲಿ ಫ್ರಮ್ ಹಿಡಿಯುವ ಪರೀಕ್ಷೆಯಾದ ಡಿಮಾರ್ಕ್ ಮಾತ್ರ ಫ್ರಮ್ ಹೆಡರ್‌ನ ಡೊಮೈನ್ ಹಿಡಿದುಕೊಂಡು, ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡೊಮೈನ್‌ನ ಡಿಜಿಟಲ್ ಸಹಿ) ಅದಕ್ಕೆ ಹೊಂದುತ್ತದಾ ಅಂತ ಕೇಳುತ್ತದೆ. ಹಾಗಾಗಿ ಎರಡೂ ಕಡೆ ನಿಮ್ಮದೇ ಡೊಮೈನ್ ಇರಲಿ.

ಶೆಲ್ ಸ್ಕ್ರಿಪ್ಟ್ ಆದರೆ ಸೆಂಡ್‌ಮೇಲ್ ಕಮಾಂಡ್‌ಗೆ ಮೈನಸ್ ಎಫ್ ಕೊಟ್ಟು ಎನ್ವಲಪ್ ವಿಳಾಸ ಹಾಕಿ. ಎಫ್ ಸಣ್ಣಕ್ಷರದ್ದೇ ಆಗಬೇಕು. ದೊಡ್ಡಕ್ಷರದ ಎಫ್ ಬರೀ ಹೆಸರಿಗೆ. ಫ್ರಮ್ ಸಾಲನ್ನು ಮೆಸೇಜ್‌ನ ಮೇಲ್ಭಾಗದಲ್ಲಿ ನೀವೇ ಬರೆಯಿರಿ. ಪಿಎಚ್‌ಪಿಯ ಮೇಲ್ ಫಂಕ್ಷನ್‌ನಲ್ಲಿ ನಾಲ್ಕನೇ ಆರ್ಗ್ಯುಮೆಂಟ್ ಹೆಡರ್‌ಗಳಿಗೆ, ಐದನೆಯದು ಇದೇ ಮೈನಸ್ ಎಫ್‌ಗೆ. ಐದನೆಯದನ್ನು ಜನ ಮರೆತೇ ಬಿಡುತ್ತಾರೆ. ಪೈಥಾನ್‌ನಲ್ಲಿ ಸುಮ್ನೆ 'ಸೆಂಡ್_ಮೆಸೇಜ್' ಬಳಸಿ. ಬೇರೆ ಏನೂ ಹೇಳದಿದ್ದರೆ ಅದು ಫ್ರಮ್ ಹೆಡರ್‌ನಲ್ಲಿರುವುದನ್ನೇ ಎನ್ವಲಪ್‌ಗೂ ಹಾಕುತ್ತದೆ.

ವೆಬ್ ಫಾರಂ ಬರೆಯುವವರಿಗೆ ಒಂದು ಮಾತು. ಫಾರಂ ತುಂಬಿದವರ ವಿಳಾಸವನ್ನು ಫ್ರಮ್‌ಗೆ ಹಾಕಬೇಡಿ. ಅವರ ಡೊಮೈನ್ ಪರವಾಗಿ ಕಳಿಸಲು ನಿಮ್ಮ ಸರ್ವರ್‌ಗೆ ಅನುಮತಿ ಇಲ್ಲ ಅಲ್ವಾ? ಆ ವಿಳಾಸ ರಿಪ್ಲೈ-ಟು ಹೆಡರ್‌ಗೆ, ಅಂದರೆ ಉತ್ತರ ಯಾರಿಗೆ ಹೋಗಬೇಕು ಅನ್ನುವ ಸಾಲಿಗೆ ಹೋಗಲಿ. ಅಲ್ಲಿ ಹಾಕುವ ಮುಂಚೆ ಹೊಸ ಸಾಲಿನ ಅಕ್ಷರಗಳಿದ್ದರೆ ತಿರಸ್ಕರಿಸಿ. ಇಲ್ಲದಿದ್ದರೆ ಯಾರೋ ಅದರ ಮೂಲಕ ತಮ್ಮದೇ ಹೆಡರ್ ಸಾಲು ಸೇರಿಸಿ, ನಿಮ್ಮ ಫಾರಂನಿಂದಲೇ ಊರಿಗೆಲ್ಲ ಸ್ಪ್ಯಾಮ್ ಹಂಚುತ್ತಾರೆ.

ಕೊನೆಗೆ ಹೊರಗಿನ ಯಾವುದಾದರೂ ಮೇಲ್‌ಬಾಕ್ಸ್‌ಗೆ ಕಳಿಸಿ, ಮೇಲ್‌ನ ಪೂರ್ತಿ ಹೆಡರ್ ತೆರೆಯಿರಿ. 'ರಿಟರ್ನ್-ಪಾತ್' ಸಾಲಿನಲ್ಲಿರುವುದು ಎನ್ವಲಪ್ ವಿಳಾಸ. ಅಲ್ಲಿ ಇನ್ನೂ ಮಷೀನ್ ಹೆಸರೇ ಇದ್ದರೆ ನೀವು ಹಾಕಿದ್ದು ಹೆಡರ್ ಒಂದಕ್ಕೇ. ಜಿಮೇಲ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ) ಸರ್ವರ್ ಮೂಲಕ ಕಳಿಸುತ್ತಿದ್ದರೆ ಇನ್ನೊಂದು ವಿಷಯ. ಆ ಅಕೌಂಟ್‌ನಲ್ಲಿ ಮೊದಲೇ ಸೇರಿಸಿರದ ವಿಳಾಸ ಕೊಟ್ಟರೆ, ಜಿಮೇಲ್ ಅದನ್ನು ತೆಗೆದು ಲಾಗಿನ್ ಆದ ಅಕೌಂಟ್‌ನ ವಿಳಾಸವನ್ನೇ ಹಾಕುತ್ತದೆ. ಅದನ್ನು ಸರಿಮಾಡಬೇಕಾದದ್ದು ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ, ಸ್ಕ್ರಿಪ್ಟ್‌ನಲ್ಲಲ್ಲ.