ಸೀರೆ ಹರಿಯುವ ಜಾಗ ಮೊದಲು ನೋಡಿ

ಹತ್ತಿ ಸೀರೆ ಹಳೆಯದಾಯಿತು ಎಂದು ಪಕ್ಕಕ್ಕಿಡುವ ಮುಂಚೆ ಒಮ್ಮೆ ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಐದೂವರೆ ಮೀಟರಿನಲ್ಲಿ ಜೀರ್ಣವಾಗಿರುವುದು ಸಾಮಾನ್ಯವಾಗಿ ನಾಲ್ಕೇ ಜಾಗ: ನಿರಿಗೆಯ ಕೆಳಗಿನ ಅಂಚು, ಸೊಂಟಕ್ಕೆ ಸಿಕ್ಕಿಸುವ ಭಾಗ, ಹೆಗಲಲ್ಲಿ ಪಿನ್ನು ಚುಚ್ಚುವ ಕಡೆ, ಬೀರುವಿನಲ್ಲಿ ಮಡಚಿಟ್ಟ ಗೆರೆ. ಉಳಿದದ್ದೆಲ್ಲ ಗಟ್ಟಿ ಬಟ್ಟೆ. ಹತ್ತಿ ಬೆಳೆದವರು, ಬಣ್ಣದ ಕಡಾಯಿಯ ಬಿಸಿ ತಡೆದವರು, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯ್ದವರು, ಇಷ್ಟು ಜನರ ದುಡಿಮೆಯನ್ನು ಆ ನಾಲ್ಕು ಜಾಗಕ್ಕಾಗಿ ಎಸೆಯಬಾರದು. ಆ ನಾಲ್ಕನ್ನು ಮೊದಲ ದಿನದಿಂದ ಕಾಯ್ದುಕೊಂಡರೆ ಸೀರೆಯ ಆಯಸ್ಸು ತಾನಾಗಿ ಬೆಳೆಯುತ್ತದೆ.

ಕೊಳ್ಳುವಾಗಲೂ ಕಣ್ಣು ತೆರೆದಿರಲಿ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಹತ್ತಿ; ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ, ಟೋಪ್ ತೆನಿ ಎನ್ನುವುದು ಇದಕ್ಕೇ. ಈಗ ಪಾಲಿಯೆಸ್ಟರ್ ಒಡಲು, ರೇಯಾನ್ ಸೆರಗಿನ ಸೀರೆಗಳೂ ಅದೇ ಹೆಸರಿನಲ್ಲಿ ಬಿಕರಿಯಾಗುತ್ತವೆ. ಒಡಲಿನದೊಂದು, ಸೆರಗಿನದೊಂದು ಎಳೆ ಕೇಳಿ ಪಡೆದು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕರಿ ಗುಳಿಗೆಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಹತ್ತಿಯ ಹಾಗೆಯೇ ಉರಿಯುವುದರಿಂದ, ಹೊಳೆಯುವ ಸೆರಗಿನ ಎಳೆ ಕಾಗದದ ವಾಸನೆ ಕೊಟ್ಟರೆ ಅದು ರೇಷ್ಮೆಯಲ್ಲ ಎಂದು ತಿಳಿಯಿರಿ. ಕೈಮಗ್ಗದ್ದೇ ಬೇಕೆಂದರೆ 2006ರಿಂದ ಇರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಕೇಳಿ. ಬೆಲೆ ನಂಬಲಾರದಷ್ಟು ಕಡಿಮೆಯಿದ್ದರೆ ಕತ್ತರಿ ಬಿದ್ದಿರುವುದು ನೂಲಿಗೆ ಅಥವಾ ನೇಕಾರರ ಕೂಲಿಗೆ.

ಹೊಸ ಸೀರೆಗೆ ಫಾಲ್ ಹಚ್ಚುವ ಮುಂಚೆ ಫಾಲನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಇಷ್ಟು ಮಾಡದಿದ್ದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಅಂಚೆಲ್ಲ ಸುಕ್ಕಾಗಿ ಎಳೆದುಕೊಳ್ಳುತ್ತದೆ. ಹತ್ತಿ ಸೀರೆಗೆ ಹತ್ತಿ ಫಾಲನ್ನೇ ಕೈಯಲ್ಲಿ ಹಚ್ಚಿಸಿ, ಸವೆದಾಗ ಬಿಚ್ಚಿ ಬೇರೆ ಹಾಕುವುದು ಸುಲಭ. ಪಿನ್ನಿನ ಕೆಳಗೆ ಬೆರಳಗಲದ ಬಟ್ಟೆಯ ತುಂಡು ಇಟ್ಟು ಚುಚ್ಚಿದರೆ ಹೆಗಲ ಹತ್ತಿರ ತೂತು ಬೀಳದು. ಎರಡು ತಿಂಗಳಿಗೊಮ್ಮೆ ಸೀರೆಯನ್ನು ಬಿಚ್ಚಿ ಬೇರೆ ಗೆರೆಯಲ್ಲಿ ಮಡಚಿ.

ಒಗೆತದಲ್ಲೇ ಹೆಚ್ಚು ಸೀರೆಗಳು ಕೆಡುತ್ತವೆ. ಮೊದಲ ಮೂರು ಸಲ ಸೋಪು ಬೇಡ. ಒಂದೇ ಸೀರೆಯನ್ನು ತುಂಬು ಬಕೆಟ್ ತಣ್ಣೀರಿನಲ್ಲಿ ಐದು ನಿಮಿಷ ಆಡಿಸಿ ತೆಗೆಯಿರಿ. ಹಿಡಿ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತಿದೆ. ಉಪ್ಪು ಆ ಹೊತ್ತಿಗೆ ಬಣ್ಣ ಇಳಿಯುವುದನ್ನು ಸ್ವಲ್ಪ ತಡೆದೀತು, ಶಾಶ್ವತವಾಗಿ ಕಟ್ಟುವುದಿಲ್ಲ. ಇಳಿಯುವುದು ಎಳೆಗೆ ಹಿಡಿಯದೆ ಮೇಲೆ ಉಳಿದ ಬಣ್ಣ. ನೀರು ತಿಳಿಯಾಗುವವರೆಗೆ ಅದನ್ನು ಜಾಲಿಸಿ ತೆಗೆಯುವುದೊಂದೇ ದಾರಿ. ಇಳಕಲ್ ಸೀರೆಯ ಕೆಂಪು ಸೆರಗನ್ನು ಬೇರೆಯಾಗಿ ಹಿಡಿದು ಕೊನೆಗೆ ಅದ್ದಿ. ಒದ್ದೆ ಸೆರಗು ಒಡಲಿನ ಮೇಲೆ ಮಡಚಿ ಬಿದ್ದರೆ ಹತ್ತೇ ನಿಮಿಷದಲ್ಲಿ ಕೆಂಪು ಕಲೆ ಕೂರುತ್ತದೆ. ಹಿಂಡದೆ ನೀರು ಸೋರಲು ಬಿಟ್ಟು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಹರವಿ.

ಆಮೇಲಿನ ಒಗೆತಕ್ಕೆ ಅಂಟುವಾಳ ಕಾಯಿ ಸಾಕು. ಒಂದು ಸೀರೆಗೆ ಎಂಟು ಹತ್ತು ಕಾಯಿಯ ಬೀಜ ತೆಗೆದು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಕಿವುಚಿ ಸೋಸಿಕೊಳ್ಳಿ. ಎರಡು ದಿನ ಮೀರಿದರೆ ಹುಳಿ ಬರುತ್ತದೆ, ಹೆಚ್ಚು ಮಾಡಿಡಬೇಡಿ. ಅಚ್ಚ ಬಿಳಿ ಬಟ್ಟೆಗೆ ಇದು ಬೇಡ, ಕಂದು ಛಾಯೆ ಹಿಡಿಯುತ್ತದೆ. ಗಂಜಿ ಹಾಕುವವರು ಒಂದು ಲೋಟ ಗಟ್ಟಿ ಅನ್ನದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ಮೂರು ಲೀಟರ್ ನೀರಿಗೆ ಬೆರೆಸಿ. ಸೋಸದಿದ್ದರೆ ಕಪ್ಪು, ನೀಲಿ ಸೀರೆಯ ಮೇಲೆ ಬಿಳಿ ಮಚ್ಚೆ ಏಳುತ್ತದೆ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಡುವ ಸೀರೆಗೆ ಮಾತ್ರ ಗಂಜಿ ಪೂರ್ತಿ ತೊಳೆದೇ ಇಡಬೇಕು. ಗಂಜಿಯ ಆಸೆಗೆ ಜಿರಳೆ ಬಟ್ಟೆ ತಿನ್ನುತ್ತದೆ, ಮಡಿಕೆಯ ಗೆರೆಯಲ್ಲಿ ಸೆಡೆತ ಎಳೆ ಮುರಿಯುತ್ತದೆ.

ಸಣ್ಣ ತೂತು ಕಂಡ ದಿನವೇ ರಫೂ ಮಾಡಿ. ದಾರ ಅಂಗಡಿಯಿಂದ ತರಬೇಡಿ, ಸೊಂಟದೊಳಗೆ ಹೋಗುವ ತುದಿಯಿಂದ ಅದೇ ಸೀರೆಯ ಎಳೆ ಬಿಡಿಸಿಕೊಳ್ಳಿ. ಹೊಸ ದಪ್ಪ ದಾರ ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ. ಗಂಟು ಹಾಕದೆ, ತೂತಿನ ಸುತ್ತ ಒಂದು ಸೆಂಟಿಮೀಟರ್ ಗಟ್ಟಿ ಬಟ್ಟೆ ಸೇರಿಸಿ, ಮೊದಲು ಉದ್ದಕ್ಕೆ ಎಳೆಗಳನ್ನು ಹಾಯಿಸಿ, ಆಮೇಲೆ ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ನೇಯ್ದುಕೊಂಡು ಹೋಗಿ. ಎಳೆದು ಬಿಗಿ ಮಾಡಿದರೆ ಆ ಜಾಗ ಗುಳಿ ಬೀಳುತ್ತದೆ.

ಬಣ್ಣ ಮಾಸಿ, ಬಟ್ಟೆ ಗಟ್ಟಿಯಿದ್ದರೆ ಮನೆಯಲ್ಲೇ ಬಣ್ಣ ಕೊಡಬಹುದು. ನೂರು ಗ್ರಾಂ ಹತ್ತಿ ಬಟ್ಟೆಗೆ ಇಪ್ಪತ್ತು ಗ್ರಾಂ ಅಳಲೆಕಾಯಿ ಪುಡಿಯ ನೀರಿನಲ್ಲಿ ಒಂದು ರಾತ್ರಿ, ಆಮೇಲೆ ಹದಿನೈದು ಗ್ರಾಂ ಪಟಿಕದ ಬಿಸಿನೀರಿನಲ್ಲಿ ಇನ್ನೊಂದು ರಾತ್ರಿ ನೆನೆಸಿ, ನೂರು ಗ್ರಾಂ ಒಣ ದಾಳಿಂಬೆ ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಒಂದು ತಾಸು ಸಣ್ಣ ಉರಿಯಲ್ಲಿ ತಿರುಗಿಸುತ್ತಿರಿ. ಹಳದಿ ಬರುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ಬೂದುಗಪ್ಪಾಗುತ್ತದೆ, ಆದ್ದರಿಂದ ಸ್ಟೀಲ್ ಪಾತ್ರೆ ಇರಲಿ. ಅಡುಗೆಗೆ ಮತ್ತೆ ಬಳಸದ ಪಾತ್ರೆಯಾದರೆ ಒಳ್ಳೆಯದು. ಮಲೆನಾಡಿನ ಅಡಿಕೆ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿದ ನೀರಿನಿಂದ, ಚಂದದ ಕೆಂಗಂದು ಸಿಗುತ್ತದೆ. ಹೆಗ್ಗೋಡು ಬಳಿಯ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಲ್ಲಿ ಇಂಥ ಬಣ್ಣಗಳನ್ನು ನೋಡಬಹುದು.

ಇಷ್ಟೆಲ್ಲ ಆಗಿಯೂ ಉಡಲಾರದಷ್ಟು ಜೀರ್ಣವಾದ ಸೀರೆಗೆ ಕೌದಿ ಇದೆ, ಹಳೆ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹಾಸು ಹೊದಿಕೆ. ಸವೆದು ಮೆತ್ತಗಾದ ಹತ್ತಿಯ ಸುಖ ಹೊಸ ಬಟ್ಟೆಗೆ ಬರುವುದಿಲ್ಲ, ಅದಕ್ಕೇ ಎಳೆಗೂಸಿಗೆ ಕೌದಿಯೇ ಹಾಸುವುದು. ಒಬ್ಬರಿಗೆ ಒಂದೂವರೆ ಮೀಟರ್ ಅಗಲ, ಎರಡೂಕಾಲು ಮೀಟರ್ ಉದ್ದ ಸಾಕು. ಸೀರೆಯನ್ನು ಒಂದೂವರೆ ಮೀಟರಿಗೆ ಕತ್ತರಿಸಿದರೆ ಮೂರು ತುಂಡು, ಅಂಚಿಗೆ ಅಂಚು ಕೂಡಿಸಿದ ಎರಡು ತುಂಡಿಗೆ ಒಂದು ಪದರ. ಎರಡು ಸೀರೆಗೆ ಮೂರು ಪದರವಾಯಿತು. ಹಳೆಯ ಧೋತರವೊಂದನ್ನು ನಡುವೆ ಸೇರಿಸಿದರೆ ಚಳಿಗೂ ಆಗುತ್ತದೆ. ಉಳಿದ ತುಂಡುಗಳು ಮೇಲಿನ ತೇಪೆಗೆ. ಎಲ್ಲವನ್ನೂ ಮೊದಲು ಬಿಸಿನೀರಿನಲ್ಲಿ ಒಗೆದುಕೊಳ್ಳಿ, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಪಾಲಿಯೆಸ್ಟರ್ ಸೀರೆಯನ್ನು ಹತ್ತಿಯ ಜೊತೆ ಬೆರೆಸಬೇಡಿ. ಒಂದು ಕುಗ್ಗಿ ಇನ್ನೊಂದು ಹಾಗೇ ಉಳಿದು ಕೌದಿ ಉಬ್ಬು ತಗ್ಗಾಗುತ್ತದೆ, ಹೊಲಿಯುವಾಗ ಪದರವೂ ಜಾರುತ್ತದೆ.

ನೆಲದ ಮೇಲೆ ಪದರಗಳನ್ನು ಸುಕ್ಕಿಲ್ಲದಂತೆ ಹಾಸಿ, ಗೇಣಿಗೊಂದರಂತೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಅಂಚುಗಳನ್ನು ಒಳಗೆ ಮಡಚಿ ಒಂದು ಮೂಲೆಯಿಂದ ಶುರುಮಾಡಿ, ಸುತ್ತ ಬಂದು, ಬೆರಳಗಲ ಬಿಟ್ಟು ಮತ್ತೆ ಸುತ್ತು, ಹೀಗೆ ನಡುವಿಗೆ ಸಾಗಿ. ಜೋಡಿ ಎಳೆಯ ಹತ್ತಿ ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಮೂರು ನಾಲ್ಕು ಹೊಲಿಗೆ ಸೂಜಿಗೆ ಏರಿಸಿ ಒಮ್ಮೆ ಎಳೆಯಿರಿ, ಅಂಗೈಯಿಂದ ಸವರಿ ಬಟ್ಟೆ ಸಡಿಲಿಸಿ ಮುಂದೆ ಹೋಗಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಬುಡಕಟ್ಟಿನ ಹೆಂಗಸರು ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂ ಕೂರಿಸುತ್ತಾರೆ, ಫುಲ ಎಂದು ಅದರ ಹೆಸರು. ಅದಿಲ್ಲದೆ ಕೌದಿ ಅವರಿಗೆ ಪೂರ್ತಿಯಾಗುವುದಿಲ್ಲ. ಮೂಲೆ ಮೊದಲು ಸವೆಯುವ ಜಾಗವಾದ್ದರಿಂದ ಅಲ್ಲಿ ಹೆಚ್ಚಿನ ಬಟ್ಟೆ ಕೂತರೆ ಗಟ್ಟಿಯೂ ಆಗುತ್ತದೆ.

ಒಗೆದ ಕೌದಿ ನೀರು ಕುಡಿದು ತುಂಬ ಭಾರವಾಗಿರುತ್ತದೆ. ಒಂದೇ ಹಗ್ಗಕ್ಕೆ ಹಾಕಿದರೆ ನಡುವಿನ ಹೊಲಿಗೆ ಜಗ್ಗಿ ಕಿತ್ತುಕೊಳ್ಳುತ್ತದೆ. ಎರಡು ಹಗ್ಗಗಳನ್ನು ಎರಡು ಮೊಳ ಅಂತರದಲ್ಲಿ ಕಟ್ಟಿ ಹರವಿ, ಮಧ್ಯಾಹ್ನಕ್ಕೊಮ್ಮೆ ಮಗುಚಿ ಹಾಕಿ.